ಹೊಗೆಸೊಪ್ಪು ತಲುಪಿತ್ತು, ಮಾತ್ರೆ ತಲುಪಿರಲಿಲ್ಲ

ನಮ್ಮೂರಿನಲ್ಲಿ ರಷ್ಯಾ ನೋಡಿದವರು ಯಾರೂ ಇರಲಿಲ್ಲ. ನಮ್ಮ ಹೊಗೆಸೊಪ್ಪು ಮಾತ್ರ ನೋಡಿತ್ತು. ಪಿರಿಯಾಪಟ್ಟಣದ ಕೆಂಪು ಮಣ್ಣಿನಲ್ಲಿ ಬೆಳೆದು, ಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿಯಲ್ಲಿ ಬೆಂದು ಹಳದಿಯಾಗಿ, ಹರಾಜಿನಲ್ಲಿ ಯಾರದೋ ಪಾಲಾಗಿ ಅದು ಹಡಗು ಹತ್ತುತ್ತಿತ್ತು. ಎಲ್ಲಿ ಇಳಿಯುತ್ತದೆ ಎಂದು ನಾವು ಕೇಳಿದವರಲ್ಲ. ಕಳೆದ ಸಲ ಹರಾಜು ಮುಗಿಯುವ ಹೊತ್ತಿಗೆ ಸೊಪ್ಪು ಕೊಳ್ಳುವ ಕಂಪನಿಯೊಂದು, ಒಳ್ಳೆಯ ಗ್ರೇಡ್ ತೆಗೆದ ಒಂದಷ್ಟು ಬೆಳೆಗಾರರನ್ನು ರಷ್ಯಾಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದಿತು. ಅವರು ಕರೆದದ್ದು ನಮ್ಮ ಯಜಮಾನರನ್ನು. ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನಗಿತ್ತು. ತಂಗಿಯ ಮಗಳ ಬಾಣಂತನಕ್ಕೆ ದುಬೈಗೆ ಹೋಗಿದ್ದವಳು ನಾನು.

"ನೀನೇ ಹೋಗ್ಬಾ. ಸಸಿ ಮಡಿ ಸಾಕ್ದೋಳೂ ನೀನೆ, ಬ್ಯಾರನ್ ಕಾಯ್ದೋಳೂ ನೀನೆ," ಎಂದರು.

ಹಾಗೆ ನಾನು, ರತ್ನಮ್ಮ, ಹುಣಸೂರು ಕಾಲೇಜಿನಲ್ಲಿ ಬಿ.ಎ. ಓದಿ ಹೊಗೆಸೊಪ್ಪಿಗೆ ಬಂದವಳು, ನಾಲ್ವರು ಗಂಡಸರ ಜೊತೆ ಹೊರಟೆ. ಅವರಲ್ಲಿ ಎಚ್.ಡಿ. ಕೋಟೆ ಕಡೆಯ ಮಾದಣ್ಣ ಎಲ್ಲರಿಗಿಂತ ಹಿರಿಯರು. ಅಂತರಸಂತೆಯ ಹತ್ತಿರ, ಕಾಕನಕೋಟೆ ಕಾಡಿನ ಅಂಚಿನಲ್ಲಿ ಅವರ ಜಮೀನು. ನಮ್ಮನ್ನು ಕರೆದೊಯ್ಯಲು ಕಂಪನಿಯ ಪ್ರವೀಣ ಎಂಬ ಅಧಿಕಾರಿ ಇದ್ದರು.

ದುಬೈ

ವಿಮಾನ ಬದಲಿಸಲು ಇಳಿದದ್ದಷ್ಟೆ. ಮಾಸ್ಕೋ ಕಡೆಯ ಸಾಲಿನಲ್ಲಿ ನಿಂತವರನ್ನು ನೋಡಿ ಮಾದಣ್ಣ ಮೊಣಕೈಯಿಂದ ತಿವಿದರು.

"ರತ್ನವ್ವ, ಇವ್ರೆಲ್ಲ ಮದ್ವೆ ಬಟ್ಟೆ ತರಕ್ಕೆ ಬಂದಂಗವ್ರೆ ಕಣವ್ವ."

ನಿಜ. ಒಬ್ಬೊಬ್ಬರ ಕೈಯಲ್ಲೂ ಹೊಸ ಡಬ್ಬಿಗಳು. ಫೋನು, ಲ್ಯಾಪ್‌ಟಾಪು, ಕೈಗಡಿಯಾರ, ಸೆಂಟು. ಅಮೆರಿಕದವರು, ಯುರೋಪಿನವರು ರಷ್ಯಾಕ್ಕೆ ಏನೂ ಮಾರುವುದಿಲ್ಲ ಎಂದು ನಾನು ಪೇಪರಿನಲ್ಲಿ ಓದಿದ್ದೆ. ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋದದ್ದಕ್ಕೆ ಹಾಕಿದ ಕಟ್ಟು ಅದು. ಪ್ರವೀಣರನ್ನು ಕೇಳಿದೆ.

"ಅವರು ಮಾರಲ್ಲ ಅಮ್ಮ. ಅವರು ದುಬೈಗೆ ಮಾರ್ತಾರೆ. ದುಬೈಯವರು ಇವರಿಗೆ ಮಾರ್ತಾರೆ," ಎಂದರು ಪ್ರವೀಣ. "ಇದು ಕೈಚೀಲದ ವ್ಯಾಪಾರ. ಇನ್ನು ಕಂಟೈನರಲ್ಲಿ ಹೋಗೋದು ಬೇರೆ."

ಮುಂದೆ ನಿಂತಿದ್ದ ಎತ್ತರದ ಹೆಂಗಸೊಬ್ಬಳು ನನ್ನ ಕೈಯಲ್ಲಿ ಒಂದೇ ಚೀಲವಿರುವುದನ್ನು ಕಂಡು, ತನ್ನ ಎರಡು ಡಬ್ಬಿ ಹಿಡಿದುಕೊಳ್ಳುತ್ತೀಯಾ ಎಂದು ಸನ್ನೆ ಮಾಡಿದಳು. ಪ್ರವೀಣ ಬೇಡ ಎಂದು ತಲೆ ಅಲ್ಲಾಡಿಸಿದರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹಿಂದಿನವನನ್ನು ಕೇಳಿದಳು. ಅವನು ಇಸಿದುಕೊಂಡ.

ಮಾಸ್ಕೋ

ಮಾರ್ಚಿ ತಿಂಗಳು. ಹಿಮ ಎಂದರೆ ಬೆಳ್ಳಗಿರುತ್ತದೆ ಎಂದುಕೊಂಡಿದ್ದೆ. ರಸ್ತೆ ಬದಿಯಲ್ಲಿ ಬಿದ್ದಿದ್ದು ಕೊಟ್ಟಿಗೆ ಬಾಚಿ ರಾಶಿ ಹಾಕಿದ ಹಾಗೆ ಕಪ್ಪಗಿತ್ತು. ಅದರ ಮೇಲೆ ನನ್ನ ಬಾಟಾ ಚಪ್ಪಲಿ ಜಾರಿ, ಹೋಟೆಲಿನ ಮೆಟ್ಟಿಲ ಮುಂದೆಯೇ ಕೂತೆ. ನಮ್ಮೂರಲ್ಲಾಗಿದ್ದರೆ ನಾಲ್ಕು ಜನ ನಕ್ಕು ಆಮೇಲೆ ಎತ್ತುತ್ತಿದ್ದರು. ಇಲ್ಲಿ ಒಬ್ಬ ಮುದುಕ ಬಂದು ತೋಳು ಹಿಡಿದು ನಿಲ್ಲಿಸಿದ. ನಗಲೂ ಇಲ್ಲ, ಮಾತಾಡಲೂ ಇಲ್ಲ, ಹೋಗಿಬಿಟ್ಟ. ಗುರುತಿಲ್ಲದವರ ಮುಂದೆ ನಗುವುದು ಅವರಲ್ಲಿ ಹಗುರತನವಂತೆ.

ಹಾಗೆಂದು ಹೇಳಿದವಳು ವೇರಾ. ನಮಗೆ ಮಾತು ತಿಳಿಸಲೆಂದು, ನಮ್ಮ ಸೊಪ್ಪು ಹೋಗುವ ಸಿಗರೇಟು ಕಾರ್ಖಾನೆಯವರು ಕಳಿಸಿದ್ದ ಹೆಂಗಸು. ನನ್ನದೇ ವಯಸ್ಸು, ಐವತ್ತರ ಆಸುಪಾಸು. ಹಿಂದಿ ಕಲಿತಿದ್ದಳು. ನನ್ನ ಹಿಂದಿ ಟಿ.ವಿ. ಧಾರಾವಾಹಿಯದು, ಅವಳದು ಪುಸ್ತಕದ್ದು. ನಾನು ತಪ್ಪು ಮಾತಾಡಿದಾಗೆಲ್ಲ ಅವಳು ಲಿಂಗ ತಿದ್ದುತ್ತಿದ್ದಳು.

ಚಪ್ಪಲಿ ಬಿಟ್ಟು ಬೂಟು ಕೊಳ್ಳಲೇಬೇಕಾಯಿತು. ಅಂಗಡಿಯಲ್ಲಿ ನನ್ನ ಬ್ಯಾಂಕಿನ ಕಾರ್ಡು ಕೊಟ್ಟೆ. ಮಾರುವವಳು ಅದನ್ನು ಮಗುಚಿ ನೋಡಿ ವಾಪಸು ಕೊಟ್ಟಳು. ಮೇಲೆ ಅಮೆರಿಕದ ಕಂಪನಿಯ ಗುರುತಿದೆ, ನಡೆಯುವುದಿಲ್ಲ ಎಂದಳಂತೆ. ಪಿರಿಯಾಪಟ್ಟಣದ ಬ್ಯಾಂಕಿನಲ್ಲಿಟ್ಟ ನನ್ನದೇ ದುಡ್ಡು ಮಾಸ್ಕೋದಲ್ಲಿ ನನ್ನದಾಗಿರಲಿಲ್ಲ. ಅದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ದುಬೈಯಲ್ಲಿ ಕಂಡ ಸೆಂಟು, ದುಬೈಯಲ್ಲಿ ಕಂಡ ಗಡಿಯಾರ ಸಾಲಾಗಿ ಕೂತಿದ್ದವು. ಬೂಟಿನ ದುಡ್ಡನ್ನು ವೇರಾ ಕೊಟ್ಟಳು. ಪ್ರವೀಣ ಆಮೇಲೆ ಅವಳಿಗೆ ಮುಟ್ಟಿಸಿದರು.

ಅವಳ ಉಪಕಾರಕ್ಕೆಂದು, ಪ್ರವೀಣರ ಹತ್ತಿರ ದುಡ್ಡು ಇಸಿದುಕೊಂಡು ಬೀದಿಯಲ್ಲಿ ಎರಡು ಗುಲಾಬಿ ಕೊಂಡು ಅವಳ ಕೈಗಿಟ್ಟೆ. ವೇರಾ ಮುಖ ಒಂದು ಗಳಿಗೆ ಬದಲಾಯಿತು. ಆಮೇಲೆ ಮೆಲ್ಲಗೆ ಒಂದನ್ನು ತೆಗೆದು ನನಗೇ ಕೊಟ್ಟಳು. ಜೋಡಿ ಹೂವು ಸತ್ತವರಿಗೆ ಕೊಡುವುದಂತೆ, ಬದುಕಿರುವವರಿಗೆ ಬೆಸವೇ ಆಗಬೇಕು. ನಮ್ಮಲ್ಲೂ ಮುಯ್ಯಿ ಹಾಕುವಾಗ ಒಂದು ಸೇರಿಸಿ ಬೆಸ ಮಾಡುತ್ತೇವೆ ಎಂದೆ. ಆಗ ನಕ್ಕಳು. ಗುರುತಾಗಿತ್ತಲ್ಲ.

ಕಾರ್ಖಾನೆಯ ಊರು

ಈ ಊರಿನ ಹೆಸರು ಬರೆಯುವುದಿಲ್ಲ. ವೇರಾ ಅಲ್ಲೇ ಇದ್ದಾಳೆ. ವೋಲ್ಗಾ ನದಿಯ ದಂಡೆ ಎಂದರೆ ಸಾಕು. ನದಿ ಇನ್ನೂ ಗಟ್ಟಿಯಾಗಿತ್ತು. ಅದರ ನಡುವೆ ಕುರ್ಚಿ ಹಾಕಿಕೊಂಡು, ತೂತು ಕೊರೆದು ಗಾಳ ಹಾಕುವ ಗಂಡಸರಿದ್ದರು.

"ಈ ಚಳೀಲಿ ನಮ್ಮೆಮ್ಮೆ ಕಟ್ಟಿದ್ರೆ ಹಾಲ್ ಕರ್ಯಂಗಿಲ್ಲ, ಚಾಕಲ್ಲಿ ಕುಯ್ಕೊಬೇಕು," ಎಂದರು ಮಾದಣ್ಣ.

ಸಿಗರೇಟು ಕಾರ್ಖಾನೆಯ ಗೋದಾಮಿಗೆ ಕರೆದೊಯ್ದರು. ಬಾಗಿಲು ತೆರೆದ ಕೂಡಲೇ ನನಗೆ ನಮ್ಮ ಬ್ಯಾರನ್ನಿನ ವಾಸನೆ ಬಂತು. ಜೇನುತುಪ್ಪಕ್ಕೆ ಹೊಗೆ ತಾಕಿದಂಥ ವಾಸನೆ. ಒಂದು ಪೆಟ್ಟಿಗೆ ಬಿಚ್ಚಿ ಎಲೆ ತೆಗೆದುಕೊಟ್ಟರು. ಬೆರಳಿಗೆ ಅಂಟುವ ಜಿಗುಟು ನಮ್ಮ ಸೀಮೆಯದೇ. ಸಾವಿರಾರು ಮೈಲಿ ದೂರದಲ್ಲಿ, ನದಿ ಕಲ್ಲಾಗುವ ಊರಿನಲ್ಲಿ, ನಮ್ಮ ಸೊಪ್ಪು ಮೆತ್ತಗೆ, ಬೆಚ್ಚಗೆ, ಸುಕ್ಕಾಗದೆ ಕೂತಿತ್ತು. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಕಣ್ಣೂ ತುಂಬಿತು.

ಮಧ್ಯಾಹ್ನ ದೊಡ್ಡ ಊಟ. ಕಾರ್ಖಾನೆಯ ಮುಖ್ಯಸ್ಥ ಕೆಂಪು ಮುಖದ, ಖುಷಿ ಮನುಷ್ಯ. ತಾನು ಬಂದ ಹೊಸ ಜರ್ಮನ್ ಕಾರನ್ನು ಕಿಟಕಿಯಿಂದಲೇ ತೋರಿಸಿದ. ಮಾದಣ್ಣ ಕೇಳಿದರು, "ಜರ್ಮನಿಯೋರು ಕೊಡಲ್ಲ ಅಂದವ್ರಂತಲ್ಲ? ಇದೆಂಗ್ ಬಂತು?"

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ, ವೇರಾ ಅವನಿಗೆ ತಿಳಿಸಿದಳು. ಅವನು ಮೇಜು ಕುಟ್ಟಿ ನಕ್ಕ. ಅವನು ಹೇಳಿದ್ದನ್ನು ವೇರಾ ಯಾವ ಭಾವವೂ ಇಲ್ಲದೆ ಹಿಂದಿಯಲ್ಲಿ ಹೇಳುತ್ತಾ ಹೋದಳು: "ಕಾರು ಕಜಾಕಸ್ತಾನದ ಕಡೆಯಿಂದ ಬಂತು. ಸಿಗರೇಟು ಸುತ್ತುವ ಯಂತ್ರ ಇಟಲಿಯದು, ಅದರ ಬಿಡಿಭಾಗ ಟರ್ಕಿಯಿಂದ ಬರುತ್ತದೆ. ಇಟಲಿಯಲ್ಲಿ ಸಿಗದಿದ್ದರೆ ಚೀನಾದವರು ಅಂಥದ್ದೇ ಮಾಡಿಕೊಡುತ್ತಾರೆ. ನಮ್ಮ ಕಚ್ಚಾ ಎಣ್ಣೆಯನ್ನು ನೀವು ಕೊಳ್ಳುತ್ತೀರಿ, ಶುದ್ಧ ಮಾಡಿ ಯುರೋಪಿನವರಿಗೆ ಮಾರುತ್ತೀರಿ. ಅವರು ನಮ್ಮ ಎಣ್ಣೆ ಮುಟ್ಟಲಿಲ್ಲ ಅಂದುಕೊಂಡು ಗಾಡಿ ಓಡಿಸುತ್ತಾರೆ. ನನ್ನನ್ನು ಹೊರಗೆ ಹಾಕಿದವನನ್ನು ಕಂಡರಾಗದವನು ನನ್ನ ಪಕ್ಕದ ಮನೆಯಲ್ಲೇ ಇದ್ದಾನೆ. ಮತ್ತೆ ನನಗೇನು ಕಷ್ಟ?"

ಪ್ರವೀಣ ಕನ್ನಡದಲ್ಲಿ ಹೇಳಿದ ಮೇಲೆ ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆದರೆ ಆ ಮಾತು ನನಗೆ ಹೊಸದಾಗಿರಲಿಲ್ಲ. ನನ್ನ ತವರು ಕೆ.ಆರ್. ನಗರದ ಕಡೆ. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಅಲ್ಲೊಬ್ಬನನ್ನು ಊರು ಹೊರಗೆ ಹಾಕಿತ್ತು. ನಾಲೆ ನೀರಿನ ಜಗಳದಲ್ಲಿ ಪಕ್ಕದ ಗದ್ದೆಯವನ ಕೈ ಮುರಿದಿದ್ದ, ಅವನ ತೂಬನ್ನೂ ಕಿತ್ತುಕೊಂಡಿದ್ದ. ಅವನಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಮಿಲ್ಲಿನಲ್ಲಿ ಅವನ ರಾಗಿ ಹಾಕಬಾರದು ಎಂದು ಕಟ್ಟು ಮಾಡಿದರು. ಅಜ್ಜನ ಕಾಲವಾಗಿದ್ದರೆ ನಾಲ್ಕು ದಿನಕ್ಕೆ ಬಂದು ಅಡ್ಡ ಬೀಳುತ್ತಿದ್ದ. ಆಗ ಊರಿಗೊಬ್ಬನೇ ಯಜಮಾನ. ಇವನ ಕಾಲಕ್ಕೆ ಊರು ಎರಡು ಪಾರ್ಟಿಯಾಗಿತ್ತು. ಮೇಲಿನ ಬೀದಿಯವರು ಹೊರಗೆ ಹಾಕಿದರೆಂಬ ಒಂದೇ ಕಾರಣಕ್ಕೆ ಕೆಳಗಿನ ಬೀದಿಯವರು ಅವನಿಗೆ ಬಾಗಿಲು ತೆರೆದರು. ಅವನ ಮೇಲಿನ ಪ್ರೀತಿಗಲ್ಲ, ಮೇಲಿನ ಬೀದಿಯ ಮೇಲಿನ ಸಿಟ್ಟಿಗೆ. ಬಾಗಿಲು ತೆರೆದದ್ದಕ್ಕೆ ಅವನ ಭತ್ತವನ್ನು ಅಗ್ಗಕ್ಕೆ ಅಳೆಸಿಕೊಂಡರು. ಮೇಲಿನ ಬೀದಿಯವರಲ್ಲೂ ಕೆಲವರು ಹಿತ್ತಲಿನಿಂದ ಬಂದು ಅದೇ ಭತ್ತವನ್ನು ಕೆಳಗಿನ ಬೀದಿಯಲ್ಲಿ ಕೊಂಡು ಹೋದರು. ಕೈ ಮುರಿದವನು ಯಾರ ಕಾಲಿಗೂ ಬೀಳಲಿಲ್ಲ. ತೂಬನ್ನೂ ಬಿಡಲಿಲ್ಲ. ಕೈ ಮುರಿಸಿಕೊಂಡವನು ಸೊಟ್ಟ ಕೈಯಲ್ಲೇ ಗೆಯ್ಯುತ್ತಾ ಮುದುಕನಾದ.

ವೇರಾ ಮನೆ

ಹೊರಡುವ ದಿನ ವೇರಾ ನನ್ನನ್ನು, ಮಾದಣ್ಣನನ್ನು ಚಹಾಕ್ಕೆ ಕರೆದಳು. ಬಾಗಿಲಲ್ಲೇ ಪಾದರಕ್ಷೆ ಬಿಡಿಸಿದ್ದು ನನಗೆ ಹಿಡಿಸಿತು. ಅವಳ ಗಂಡ ಆಂದ್ರೇ ನದಿ ದೋಣಿಗಳ ಮೆಕ್ಯಾನಿಕ್. ದೊಡ್ಡ ಮೈ, ಊದಿದ ಪಾದ, ಅರಿಶಿನ ಬಡಿದಂಥ ಮುಖ. ಬಹಳ ವರ್ಷಗಳ ಹಿಂದೆ ಅವನ ಅಕ್ಕ ಅವನಿಗೊಂದು ಕಿಡ್ನಿ ಕೊಟ್ಟಿದ್ದಳು. ಮೈ ಅದನ್ನು ಬೇರೆಯವರದು ಎಂದು ತಳ್ಳದ ಹಾಗೆ ದಿನವೂ ಮಾತ್ರೆ ನುಂಗಬೇಕು. ಅದು ಹೊರದೇಶದ ಮಾತ್ರೆ. ಯುದ್ಧ ಶುರುವಾದ ಮೇಲೆ ಬರುವುದು ಕಡಿಮೆಯಾಗಿ, ಆಮೇಲೆ ನಿಂತಿತು. ಆಸ್ಪತ್ರೆಯವರು ಬೇರೆ ಕೊಟ್ಟರು, ಮತ್ತೆ ಬದಲಿಸಿ ಇನ್ನೊಂದು ಕೊಟ್ಟರು. ಯಾವುದೂ ಅವನಿಗೆ ಒಗ್ಗಲಿಲ್ಲ.

"ಔಷಧಿಗೂ ಕಟ್ಟು ಹಾಕಿದ್ದಾರಾ?" ಎಂದೆ.

"ಇಲ್ಲ ರತ್ನಾ ಜೀ. ಕಾಗದದಲ್ಲಿ ಇಲ್ಲ," ಎಂದಳು ವೇರಾ. "ಕಟ್ಟು ಹಾಕಿದವರೂ ಹಾಗೆ ಹೇಳುತ್ತಾರೆ, ಇಲ್ಲಿನ ಟಿ.ವಿ.ಯವರೂ ಹಾಗೆ ಹೇಳುತ್ತಾರೆ. ಆದರೆ ಹಡಗಿನವನು ಹೆದರುತ್ತಾನೆ. ಬ್ಯಾಂಕಿನವನು ಯಾಕೆ ಬೇಕು ತಲೆನೋವು ಅನ್ನುತ್ತಾನೆ. ಮಾಡುವ ಕಂಪನಿಗೆ ನಾವು ಸಣ್ಣ ಗಿರಾಕಿ. ಕಾರಿನಲ್ಲಿ ಲಾಭ ಇದೆ, ಸುತ್ತಿಕೊಂಡಾದರೂ ಬರುತ್ತದೆ. ಒಬ್ಬ ಆಂದ್ರೇಯ ಮಾತ್ರೆಗಾಗಿ ಕಜಾಕಸ್ತಾನ ಸುತ್ತುವವರು ಯಾರು?"

ಯುದ್ಧದ ಬಗ್ಗೆ ನಾನು ಏನೋ ಕೇಳಹೋದೆ. ವೇರಾ ಎದ್ದು ಕಿಟಕಿ ಮುಚ್ಚಿದಳು. "ಗಡಿಯ ಅತ್ತ ಕಡೆ ನನ್ನ ಚಿಕ್ಕಮ್ಮನ ಮನೆ ಇತ್ತು," ಎಂದಳು. "ಈಗ ಇಲ್ಲ."

ನಾನು ಆಂದ್ರೇಯ ಹಳೆಯ ಮಾತ್ರೆಯ ಖಾಲಿ ಪಟ್ಟಿಯನ್ನು ಕೇಳಿ ಪಡೆದೆ. ಇಂಥವು ನಮ್ಮಲ್ಲೇ ತಯಾರಾಗುತ್ತವೆ, ಕಳಿಸುತ್ತೇನೆ ಎಂದೆ. ವೇರಾ ತನ್ನ ಡಾಕ್ಟರನ್ನು ಕೇಳಿ ತಿಳಿಸುತ್ತೇನೆಂದಳು. ಹೊರಡಲು ಎದ್ದರೆ ಆಂದ್ರೇ ತಡೆದ. ಪ್ರಯಾಣಕ್ಕೆ ಮುಂಚೆ ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂರಬೇಕಂತೆ. ಕೂತೆವು. ಮಾದಣ್ಣ ತಮ್ಮ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು. ಗೋಡೆಯ ಕೊಳವೆಯಲ್ಲಿ ಬಿಸಿನೀರು ಹರಿಯುವ ಸದ್ದು ಮಾತ್ರ ಇತ್ತು.

ಬಸ್ಸಿನಲ್ಲಿ ಮಾದಣ್ಣ ಹೇಳಿದರು.

"ನಮ್ ಕಡೆ ಆನೆ ಬರ್ದಿರ್ಲಿ ಅಂತ ಟ್ರೆಂಚ್ ಒಡ್ದವ್ರಲ್ಲ ರತ್ನವ್ವ. ಆನೆ ಏನ್ ಮಾಡ್ತದೆ ಗೊತ್ತಾ? ದಡಾನ ಕಾಲಲ್ಲಿ ಕೆಡವಿ, ದಾರಿ ಮಾಡ್ಕೊಂಡು ಬತ್ತದೆ. ಓದ್ವರ್ಸ ಅದ್ರೊಳಕ್ಕೆ ಬಿದ್ದು ಸೊಂಟ ಮುರ್ಕಂಡಿದ್ದು ನಮ್ಮನೆ ಗಬ್ಬದ ಅಸ."

ಪಿರಿಯಾಪಟ್ಟಣ

ಊರಿಗೆ ಬಂದು ಸಸಿ ಮಡಿ ಹಾಕುವ ಹೊತ್ತಿಗೆ ವೇರಾಳಿಂದ ಉತ್ತರ ಬಂತು. ಅವಳ ಡಾಕ್ಟರು ಒಪ್ಪಿದ್ದರು, ಚೀಟಿಯ ಚಿತ್ರವನ್ನೂ ಕಳಿಸಿದ್ದಳು. ಮೈಸೂರಿನ ಕಿಡ್ನಿ ಡಾಕ್ಟರೊಬ್ಬರು ಅದನ್ನು ನೋಡಿ ಇಲ್ಲಿನ ಚೀಟಿ ಬರೆದರು. ಔಷಧಿ ಅಂಗಡಿಯವನು ಕಪಾಟಿನಿಂದ ಕೈಚಾಚಿ ತೆಗೆದುಕೊಟ್ಟ. ಅಷ್ಟು ಸಲೀಸು. ಮೈಸೂರಿನ ಬೀದಿಯಲ್ಲಿ ಸಿಗುವ ವಸ್ತು ಇಲ್ಲದೆ ವೋಲ್ಗಾ ದಂಡೆಯಲ್ಲಿ ಒಬ್ಬ ಊದಿಕೊಳ್ಳುತ್ತಿದ್ದ.

ಕೊರಿಯರಿನವನು ಚೀಟಿ, ಡಬ್ಬಿ ಎಲ್ಲ ನೋಡಿದ. "ಯಾವ್ ದೇಶ?"

"ರಷ್ಯಾ."

"ಆಗಲ್ಲ ಅಕ್ಕ. ಕಂಪ್ಯೂಟರೇ ತಗೊಳ್ಳಲ್ಲ."

ಇನ್ನೊಬ್ಬ ಕೊರಿಯರಿನವನು ತಗೊಂಡ. ಮೂರು ವಾರಕ್ಕೆ ಡಬ್ಬಿ ಮುಂಬಯಿ ನೋಡಿ ವಾಪಸು ಬಂತು. ಅಂಚೆ ಕಚೇರಿಯಲ್ಲಿ ಇಂಥ ಔಷಧಿ ಹೋಗುವುದಿಲ್ಲ ಎಂದರು. ಆ ವೇಳೆಗೆ ಸಸಿ ಹೊಲ ಸೇರಿ ಮೊಣಕಾಲೆತ್ತರ ಬಂದಿತ್ತು.

ಗಿಡ ನೋಡಲು ಬಂದ ಪ್ರವೀಣರ ಕೈ ಹಿಡಿದೆ. "ನಿಮ್ಮ ಸೊಪ್ಪಿನ ಕಂಟೈನರ್ ಆ ಊರಿಗೇ ಹೋಗ್ತದಲ್ಲಪ್ಪ. ಅದ್ರಲ್ಲಿ ಒಂದು ಮೂಲೇಲಿ ಇಡಕ್ಕಾಗಲ್ವಾ?"

ಪ್ರವೀಣ ಒಳ್ಳೆಯ ಮನುಷ್ಯ. ಅವರ ಮುಖ ಸಣ್ಣಗಾಯಿತು. "ಅಮ್ಮ, ಕಾಗದದಲ್ಲಿ ಹೊಗೆಸೊಪ್ಪು ಅಂತಿದ್ರೆ ಹೊಗೆಸೊಪ್ಪೇ ಇರಬೇಕು. ಒಂದು ಮಾತ್ರೆ ಸಿಕ್ಕಿದ್ರೂ ಇಡೀ ಕಂಟೈನರ್ ನಿಲ್ಲಿಸ್ತಾರೆ. ನನ್ನ ಕೆಲಸ ಹೋಗುತ್ತೆ."

ಕ್ಯಾನ್ಸರ್ ತರುತ್ತದೆ ಎಂದು ಪ್ಯಾಕಿನ ಮೇಲೆಯೇ ಚಿತ್ರ ಬರೆಸಿಕೊಂಡು ಮಾರುವ ವಸ್ತುವಿಗೆ ಹಡಗು ಇತ್ತು, ವಿಮೆ ಇತ್ತು, ಬ್ಯಾಂಕು ಇತ್ತು. ಬದುಕಿಸುವ ವಸ್ತುವಿಗೆ ನಾನು ಕೈಮುಗಿಯುತ್ತಾ ತಿರುಗುತ್ತಿದ್ದೆ. ಈ ಮಾತನ್ನು ಮನೆಯಲ್ಲಿ ಆಡಿದರೆ ಯಜಮಾನರು, "ಅಂಗಂತ ಸೊಪ್ಪು ಬೆಳ್ಯದು ಬುಟ್ಟೀಯಾ?" ಎಂದರು. ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೈಲಕುಪ್ಪೆ

ದಾರಿ ಸಿಕ್ಕಿದ್ದು ಮನೆ ಪಕ್ಕದಲ್ಲಿ. ಬೈಲಕುಪ್ಪೆಯಲ್ಲಿ ಸ್ವೆಟರ್ ಅಂಗಡಿಯ ಡೋಲ್ಮಾ ನನಗೆ ಬಹಳ ವರ್ಷದ ಪರಿಚಯ. ಟಿಬೆಟಿನವಳು, ಹುಟ್ಟಿದ್ದು ಇಲ್ಲೇ, ಕನ್ನಡ ನಮ್ಮ ಹಾಗೆಯೇ ಆಡುತ್ತಾಳೆ. ಮಾತಿಗೆ ಮಾತು ಬಂದು ಇದನ್ನು ಹೇಳಿಕೊಂಡೆ.

"ಅಯ್ಯೋ ಅಕ್ಕ, ಇಲ್ಲಿ ಮಠದಲ್ಲಿ ರಷ್ಯಾದವರೇ ಅವ್ರಲ್ಲ," ಎಂದಳು. ರಷ್ಯಾದೊಳಗೇ ಬುದ್ಧನನ್ನು ಪೂಜಿಸುವ ಕಲ್ಮೀಕಿಯಾ ಎಂಬ ಸೀಮೆ ಇದೆಯಂತೆ. ಅಲ್ಲಿಂದ ಓದಲು ಬಂದ ಸನ್ಯಾಸಿಗಳು ಮಠದಲ್ಲಿದ್ದಾರೆ. ಅವರಲ್ಲೊಬ್ಬರು ತಾಯಿಯನ್ನು ನೋಡಲು ಊರಿಗೆ ಹೊರಡುವವರಿದ್ದರು.

ಮಾರನೆಯ ದಿನ ಅವರನ್ನು ಅಂಗಡಿಗೇ ಕರೆಸಿದಳು. ಅವರು ಎರಡು ಚೀಟಿಗಳನ್ನೂ ಓದಿ, ಮಾತ್ರೆ ಡಬ್ಬಿಯನ್ನು ತಮ್ಮ ಕೆಂಪು ಚೀಲದೊಳಗೆ ಬಟ್ಟೆಯ ನಡುವೆ ಇಟ್ಟುಕೊಂಡರು. "ತಲುಪಿಸ್ತೀನಿ," ಎಂದು ಕನ್ನಡದಲ್ಲೇ ಹೇಳಿದರು.

ಅವರು ಹೋದ ಮೇಲೆ ಡೋಲ್ಮಾ ಬೆಣ್ಣೆ ಚಹಾ ಕೊಟ್ಟಳು. "ನಮ್ಮಪ್ಪಂಗೂ ದೊಡ್ಡ ದೇಶದೋರು, ಚೀನಾದೋರ್ಗೆ ಬುದ್ಧಿ ಕಲಿಸ್ತೀವಿ, ನೀವು ವಾಪಸ್ ಹೋಗ್ತೀರ ಅಂದಿದ್ರಂತೆ ಅಕ್ಕ. ಆಮೇಲೆ ಅವರೇ ಚೀನಾದಲ್ಲಿ ಫ್ಯಾಕ್ಟ್ರಿ ಹಾಕಿದ್ರು. ಅಪ್ಪ ಇಲ್ಲೇ ಮುಸುಕಿನ ಜೋಳ ಬೆಳ್ಕೊಂಡು ತೀರ್ಕೊಂಡ್ರು." ಹೇಳಿ, ಬಂದ ಗಿರಾಕಿಗೆ ಟೋಪಿ ತೋರಿಸಲು ಎದ್ದಳು.

ಹರಾಜು ಕಟ್ಟೆ

ಈ ಸಲದ ಹರಾಜು ಶುರುವಾದ ದಿನ ಬೆಳಿಗ್ಗೆ ಬೇಲುಗಳನ್ನು ಗಾಡಿಗೆ ಹಾಕಿಸುತ್ತಿದ್ದಾಗ ಫೋನಿನಲ್ಲಿ ವೇರಾ ಮಾತಾಡಿ ಕಳಿಸಿದ ಮೆಸೇಜು ಬಂದಿತ್ತು. ಹಿಂದಿಯಲ್ಲಿ, ತಪ್ಪಿಲ್ಲದೆ, ನಿಧಾನವಾಗಿ ಹೇಳಿದ್ದಳು.

"ರತ್ನಾ ಜೀ, ನಿಮ್ಮ ಸನ್ಯಾಸಿ ತಾವೇ ರೈಲಿನಲ್ಲಿ ಬಂದು ಕೊಟ್ಟು ಹೋದರು. ಆಂದ್ರೇ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ನಿಮಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ನೀವು ಇನ್ನೂ ಕಳಿಸಲು ಒದ್ದಾಡುತ್ತೀರಿ. ಅವನ ಅಕ್ಕ ಕೊಟ್ಟ ಕಿಡ್ನಿ ಇಲ್ಲಿನ ಬೇಸಿಗೆಯಲ್ಲೇ ನಿಂತುಹೋಯಿತು. ಈಗ ವಾರದಲ್ಲಿ ಮೂರು ದಿನ ರಕ್ತ ಸೋಸುವ ಯಂತ್ರಕ್ಕೆ ಮಲಗಿಸುತ್ತಾರೆ. ಮಾತ್ರೆಯನ್ನು ಆಸ್ಪತ್ರೆಯಲ್ಲಿ ಒಬ್ಬ ಟೀಚರಿಗೆ ಕೊಟ್ಟೆ, ಅವಳಿಗೆ ಹಾಕಿದ ಕಿಡ್ನಿ ಇನ್ನೂ ನಡೆಯುತ್ತಿದೆ. ಅವಳು ನಿಮ್ಮ ಹೆಸರು ಕೇಳಿದಳು. ಇನ್ನು ಕಳಿಸಬೇಡಿ, ದಣಿಯಬೇಡಿ."

ಎರಡು ಸಲ ಕೇಳಿದೆ. ಆಮೇಲೆ ಗಾಡಿ ಹತ್ತಿದೆ.

ಹರಾಜು ಕಟ್ಟೆಯಲ್ಲಿ ಬೇಲುಗಳ ಸಾಲಿನ ಪಕ್ಕ ನಾಲ್ಕಾರು ಹಳ್ಳಿಯವರು ಕೂತಿದ್ದರು. ಈ ಸಲ ರೇಟು ಚೆನ್ನಾಗಿತ್ತು, ಎಲ್ಲರ ಮುಖವೂ ತಿಳಿಯಾಗಿತ್ತು. ಎಚ್.ಡಿ. ಕೋಟೆಯಿಂದ ಮಾದಣ್ಣನೂ ನೋಡಿಹೋಗಲು ಬಂದಿದ್ದರು. ರಷ್ಯಾ ವಿಷಯ ಹೇಳಿ ಅಂತ ಕೂರಿಸಿಕೊಂಡರು. ಕಪ್ಪು ಹಿಮ, ಜಾರಿ ಬಿದ್ದದ್ದು, ಜರ್ಮನ್ ಕಾರು, ಎಲ್ಲ ಹೇಳಿದೆ. ನಕ್ಕರು. ಆಂದ್ರೇ ವಿಷಯವನ್ನೂ ಹೇಳಿದೆ. ಯಾರೋ, "ಪಾಪ," ಎಂದರು. ನಿಜವಾಗಿಯೇ ಮರುಗಿ ಅಂದದ್ದು.

ಸ್ವಲ್ಪ ಹೊತ್ತು ಬಿಟ್ಟು ನಮ್ಮ ಪಕ್ಕದೂರಿನವನೊಬ್ಬ ಕೇಳಿದ. ನನಗಿಂತ ಚಿಕ್ಕವನು, ಮರ್ಯಾದಸ್ಥ.

"ಅಕ್ಕ, ನಂಗೊಂದ್ ಅನುಮಾನ. ಈ ರೇಟು ಬಂದಿರದು ಅವ್ರವ್ರ ಜಗಳದಿಂದ, ರಷ್ಯಾದೋರು ನಮ್ಮತ್ರನೇ ಜಾಸ್ತಿ ಕೊಳ್ಳದ್ರಿಂದ ಅಂತಾರಲ್ಲ. ನಾಳೆ ಆ ಕಟ್ಟು ತೆಗ್ದು ಎಲ್ರೂ ರಾಜಿ ಆಗ್ಬುಟ್ರೆ, ನಮ್ ಸೊಪ್ಪಿನ್ ರೇಟು ಬೀಳ್ತದಾ?"

ಮಾದಣ್ಣ ನನ್ನ ಮುಖ ನೋಡಿದರು.

"ಬೀಳಬೌದು," ಎಂದೆ.

"ಅಂಗಾರೆ ಇರ್ಲಿ ಬುಡಿ," ಎಂದ.

ಅಷ್ಟರಲ್ಲಿ ಒಳಗೆ ನನ್ನ ಬೇಲಿನ ನಂಬರು ಕೂಗಿದರು. ನಾನು ಸೆರಗು ಕೊಡವಿಕೊಂಡು ಎದ್ದು, ರೇಟು ನೋಡಲು ಹೋದೆ.